ಖಾಲಿ ಗಾಡಿಯ ತೂಕ

ಸೊನ್ನಿಯಿಂದ ಹತ್ತರೊಳಗ
ಎಷ್ಟದ ಬ್ಯಾನಿ? ಅಂತಾಳ ಎಸ್ತೇರಮ್ಮ ಸಿಸ್ಟರ್,
ಕಿವಿ ಮ್ಯಾಲಿನ ಪೆನ್ನು ತೆಗೆದು.

ಇಪ್ಪತ್ತಾರು ವರ್ಷ, ತಾಯಿ,
ಕಪನೂರಿನ ದಾಲ್ ಮಿಲ್ಲಿನಾಗ
ಲಾರಿ ಕಾಟಾದ ಮುಂದ ಕುಂತಾಂವ ನಾ.
ಹದಿನಾರು ಟನ್ ತೊಗರಿಯಾಗ
ಹತ್ತು ಕಿಲೋ ಹೆಚ್ಚುಕಮ್ಮಿ ಆದ್ರ
ಕಣ್ಣಾಗ ಕಸ ಬಿದ್ದಂಗ ಆಗ್ತಿತ್ತು.
ಈಗ ನೋಡು,
ನಾಕು ಬೆರಳಿನ ಹೊಲಿಗಿ ತೂಗ್ಲಾಕ ಬರವಲ್ದು.

ಎಂಟು, ಅಂದೆ. ಬರಕೊಂಡ್ಳು.

ಬಾಜೂ ಖಾಟಿನ ಭೀಮಶಾ, ಶಹಾಬಾದಿನಾಂವ.
ಅದೇ ಡಾಕ್ಟರ್, ಅದೇ ದಿನ, ಅದೇ ಹರ್ನಿಯಾ,
ಕೊಯ್ದದ್ದೂ ಅದೇ ಕಡಿ, ಬಲಕ್ಕ.
ಎರಡು, ಅಂದ. ಅಂದು
ಹೆಂಡ್ತಿ ಕಡಿ ತಿರುಗಿ
ರೊಟ್ಟಿಗೆ ಶೇಂಗಾ ಹಿಂಡಿ ತಂದಿಯೇನು ಅಂತ ಕೇಳ್ದ.

ಕಾಟಾ ಕೆಟ್ಟದೋ, ನಾ ಕೆಟ್ಟೀನೋ?

ರಾತ್ರಿ ಹನ್ನೊಂದಕ್ಕ ಲೈಟ್ ಆರಿಸ್ತಾರ.
ಆರಿಸಿದ ಕೂಡ್ಲೆ ಎಂಟು ಒಂಬತ್ತಾಗ್ತದ.
ಗಾಯ ಇದ್ದಲ್ಲೇ ಅದ, ಇದ್ದಷ್ಟೇ ಅದ,
ಕತ್ತಲಿ ಬಂದು ಅದರ ಮ್ಯಾಲ ಕುಂಡ್ರತದ
ದಣಿದ ಹಮಾಲ ಚೀಲದ ಮ್ಯಾಲ ಕುಂತಂಗ.
ಯಾರದೋ ಸ್ಟ್ರೆಚರಿನ ಗಾಲಿ ಕಿರ್ ಅಂದ್ರ
ನನ್ನ ಹೊಲಿಗಿ ಒಂದೊಂದೇ ಬಿಚ್ಚಿದಂಗ.
ಮುಂಜಾನಿ ಚಾ ಮಾರಾಂವ ಕೂಗಿದ್ರ, ಆರು.
ನಡುವ ಯಾವ ಗುಳಗಿನೂ ನುಂಗಿಲ್ಲ.

ಕಾಟಾದ ಕೆಲಸ ಮಾಡಿದವಗ ಒಂದು ಗೊತ್ತಿರ್ತದ:
ತುಂಬಿದ ಗಾಡಿ ಎಷ್ಟು ತೂಗಿದ್ರೂ
ಅದು ಮಾಲಿನ ತೂಕ ಅಲ್ಲ,
ಗಾಡಿದೂ ಕೂಡೇದ ಅದರಾಗ.
ಇಳಿಸಿ, ಖಾಲಿ ಮಾಡಿ, ಮತ್ತ ಹತ್ತಿಸಿ
ಕಳೀಬೇಕು.

ಹಂಗಾದ್ರ ಇಲ್ಲಿಗೆ ಬರೋ ಮುಂಚೆ
ನಾನೆಂಬೋ ಗಾಡಿ ಎಷ್ಟು ತೂಗ್ತಿತ್ತು?
ಮೂರು ರಾತ್ರಿ ಕಣ್ಣಿಗೆ ಕಣ್ಣು ಹಚ್ಚಿದ್ದಿಲ್ಲ.
ಸಹಿ ಮಾಡುವಾಗ ಕೈ ನಡುಗಿ
ನನ್ನ ಹೆಸರು ನನಗೇ ಓದ್ಲಾಕ ಬರಲಿಲ್ಲ.
ಸ್ವಾದರಮಾವ ಫೋನ್ ಮಾಡಿ
ಅಫಜಲಪುರದ ಒಬ್ಬಾಂವ ಟೇಬಲ್ ಮ್ಯಾಲಿಂದ ಏಳಲೇ ಇಲ್ಲ ಅಂದಿದ್ದ,
ಧೈರ್ಯ ಹೇಳ್ಲಾಕಂತ.
ಇವೆಲ್ಲ ಯಾವ ಸ್ಕ್ಯಾನಿಂಗಿನಾಗ ಬರ್ತಾವ?

ಇನ್ನೊಂದದ. ಇದನ್ನ ಯಾರಿಗೂ ಹೇಳಿಲ್ಲ.
ಹೋದ ಸುಗ್ಗಿಯಾಗ ಮಶಾಕ್ ಹಮಾಲ
ಅಪೆಂಡಿಕ್ಸ್ ತೆಗೆಸಿಕೊಂಡು ಎರಡು ತಿಂಗಳಾಗಿತ್ತು.
ಮುನೀಮ್‌ಜಿ, ಇನ್ನಾ ಹಿಡೀತದ, ಅಂದ.
ಗಾಯ ಕೂಡೇದಲ್ಲೋ, ಇದೆಲ್ಲ ಮನಸಿಂದು,
ಅಂತ ನಕ್ಕು
ಹಾಜರಿ ಬುಕ್ಕಿನಾಗ ಗೈರು ಬರದೆ.
ಮನಸಿಂದು ಅಂದ್ರ ಸುಳ್ಳು ಅಂತ
ಯಾವ ಕಾಟಾ ಹೇಳಿತ್ತು ನನಗ?
ನಿನ್ನಿ ಸಣ್ಣ ಡಾಕ್ಟರ್ ಪಟ್ಟಿ ಬಿಚ್ಚಿ
ಗಾಯ ಛಲೋ ಅದ ಕಾಕಾ, ಮನಸು ಗಟ್ಟಿ ಮಾಡ್ಕೋ, ಅಂದಾಗ
ಅಂವನ ಮಾತು ಕೇಳಿಸ್ಲಿಲ್ಲ,
ನನ್ನ ನಗಿ ಕೇಳಿಸ್ತು.

ಎರಡರ ಸುಮಾರಿಗೆ ಎಸ್ತೇರಮ್ಮ ಸ್ಟೂಲ್ ಎಳಕೊಂಡು ಕುಂತಳು.
ಏನು ಅಂಜಿಕಿ ನಿಂದು, ಹೇಳು.
ಕೆಮ್ಮಿದ್ರ ಹರೀತದ ಅನಸ್ತದ, ಅಂದೆ.
ಹರಿಯಂಗಿಲ್ಲ.
ಒಳಗ ಜಾಳಗಿ ಹಾಕ್ಯಾರ, ಮ್ಯಾಲ ಎರಡು ಪದರ ಹೊಲದಾರ.
ಕೆಮ್ಮಿದ್ರ ಹಿಡೀತದ, ಆಮ್ಯಾಲ ಬಿಡ್ತದ.
ತಲಿದಿಂಬ ಒತ್ತಿ ಹಿಡಿ, ಹೂಂ, ಕೆಮ್ಮು.
ಕೆಮ್ಮಿದೆ.
ಹಿಡೀತು. ಬಿಡ್ತು.
ಅಕಿ ಹೇಳಿದಂಗೇ, ಒಂದು ಕಿಲೋನೂ ಹೆಚ್ಚಿಲ್ಲ.

ಈಗೆಷ್ಟು?
ಐದೂವರಿ.
ಅರ್ಧಾ ಬರಿಲಾಕ ಖಾನೆ ಇಲ್ಲೋ ಯಪ್ಪಾ,
ಅಂದು ಐದು ಬರದು ಹೋದ್ಳು.

ಉಳಿದ ಅರ್ಧಾ ನನ್ನ ಮೊಬೈಲಿನಾಗ ಅದ,
ಮಶಾಕ್ ಹಮಾಲ ಅಂತ, ಹತ್ತು ಅಂಕಿ.
ಬೆರಳು ಅಲ್ಲೇ ಇಟ್ಟು ಮಲಗೀನಿ.
ಬಾಜೂಕ ಭೀಮಶಾ
ಗೊರಕಿ ಹೊಡೀಲತ್ತಾನ, ಎರಡರ ಮ್ಯಾಲ.